ಗೆರೆಯಿಲ್ಲದ ಹೆಬ್ಬೆಟ್ಟು

"ಏನೇ ಅದು, ನಾಯಿ ಮೂಸಿದ ಹಾಗೆ ಮೂಸ್ತಾ ನಿಂತಿದೀಯಾ? ನೀರಿಗೆ ಹಾಕೇ, ಮುಂಡೆ."

ಮೇಸ್ತ್ರಿ ಬಾಗಿಲಾಚೆ ನಿಂತೇ ಬೈದ. ಆಸ್ಪತ್ರೆಯ ಹಿಂದಿನ ಈ ಬಟ್ಟೆ ಒಗೆಯುವ ಶೆಡ್ಡಿನೊಳಗೆ ಅವನು ಕಾಲಿಡದೆ ತಿಂಗಳಾಗಿತ್ತು. ಸೋಡಕ್ಕ ತಲೆ ಎತ್ತಲಿಲ್ಲ. ಹಾಸಿಗೆಯ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಲೇ ಇದ್ದಳು. ತೊಟ್ಟಿಗೆ ಹಾಕುವ ಮುಂಚೆ ಪ್ರತಿ ಬಟ್ಟೆಯನ್ನೂ ಹೀಗೆ ನೋಡುವುದು ಇಪ್ಪತ್ತು ವರ್ಷದ ಅಭ್ಯಾಸ. ನರ್ಸು ಮರೆತ ಸೂಜಿ ಕೈಗೆ ಚುಚ್ಚಿದರೆ ಕೇಳುವವರು ಯಾರು? ಸೋಡಾ ಪುಡಿಯನ್ನು ಬೊಗಸೆಯಲ್ಲೇ ಅಳೆದು ಹಾಕುತ್ತಾಳೆಂದು ಅವಳಿಗೆ ಆ ಹೆಸರು. ತೊಟ್ಟಿಯ ಸುತ್ತ ಅವಳೂ ಸೇರಿ ಹದಿಮೂರು ಹೆಂಗಸರು.

ಹೊಸ ಬೊಬ್ಬೆ ರೋಗ ಊರಿಗೆ ಬಂದದ್ದನ್ನು ಡಾಕ್ಟರಿಗಿಂತ ಮೊದಲು ಕಂಡವಳು ಅವಳೇ. ಮೇಲಿನ ಮಹಡಿಯ ಕೊನೆ ವಾರ್ಡಿನ ಬಟ್ಟೆಗಳಲ್ಲಿ ಕಾಸಿನಗಲ ಹಳದಿ ಕಲೆ, ನಡುವೆ ಒಣಗಿ ಅಂಟಿದ ಹಕ್ಕಳೆ. ಇಷ್ಟು ವರ್ಷ ಕಂಡ ಸುಟ್ಟ ಗಾಯದ ಕಲೆ ಹಾಗಿರುವುದಿಲ್ಲ. ಮೇಸ್ತ್ರಿಗೆ ಹೇಳಿದಾಗ, ಯಾವ ಕಾಲೇಜಿನ ಡಾಕ್ಟರಮ್ಮ ನೀನು ಎಂದು ನಕ್ಕಿದ್ದ. ವಾರ ಕಳೆಯುವುದರೊಳಗೆ ಮೂಗಿಗೆ ಬಟ್ಟೆ ಕಟ್ಟಿಕೊಂಡು ಹೊರಗೆ ನಿಲ್ಲತೊಡಗಿದ. ಆಮೇಲೆ ಪಕ್ಕದಲ್ಲೇ ಒಗೆಯುತ್ತಿದ್ದ ಅವಳ ಓರಗಿತ್ತಿಯ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಈಗ ಓರಗಿತ್ತಿ ಅದೇ ವಾರ್ಡಿನಲ್ಲಿ ಮಲಗಿದ್ದಾಳೆ, ಅವಳ ಹಾಸಿಗೆಯ ಬಟ್ಟೆಯೂ ದಿನಾ ಇದೇ ಗಂಟಿನಲ್ಲಿ ಇಳಿದು ಬರುತ್ತದೆ.

ಓರಗಿತ್ತಿಯ ಜಾಗಕ್ಕೆ ಬಂದವಳು ಸೋಡಕ್ಕನ ಮಗಳು. ತಿಂಗಳೂ ತುಂಬಿಲ್ಲ, ಆಗಲೇ ಬೆರಳ ಸಂದಿಗಳೆಲ್ಲ ಸೋಡಾಕ್ಕೆ ಬಿರಿದು ರಕ್ತ ಜಿನುಗುತ್ತಿದೆ. ರೋಗಕ್ಕೆ ಲಸಿಕೆ ಬಂದಿದೆ ಎಂದು ಕೇಳಿದ ದಿನದಿಂದ ಸೋಡಕ್ಕ ಮೇಸ್ತ್ರಿಯ ಬೆನ್ನು ಬಿಟ್ಟಿರಲಿಲ್ಲ. ನನಗಿಲ್ಲದಿದ್ದರೂ ಸರಿ, ಮಗಳಿಗೆ ಹಾಕಿಸು ಎಂದಿದ್ದಳು. ಅವನು ನಾಳೆ, ನಾಡಿದ್ದು ಎಂದು ಮೂಗಿಗೆ ತುಪ್ಪ ಸವರುತ್ತಿದ್ದ.

ಅವತ್ತು ಆರೋಗ್ಯ ಇಲಾಖೆಯ ಮೇಡಂ ಬಂದಿದ್ದರು. ಮೇಸ್ತ್ರಿ ಅದನ್ನು ಹೇಳಲೇ ಬಂದದ್ದು. ಹದಿಮೂರು ಜನರನ್ನೂ ಕರೆದೊಯ್ದು ಆಫೀಸಿನ ಬಾಗಿಲ ಹೊರಗೆ, ನೆಲದ ಮೇಲೆ ಕೂರಿಸಿದ. ಒಳಗೆ ಗುಮಾಸ್ತರು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು.

ಮೇಡಂ ಬುದ್ಧಿ ಹೇಳಲು ಬಂದವರು. ಎಲ್ಲರಿಗಿಂತ ಹೆಚ್ಚು ಅಪಾಯ ನಿಮಗೇ, ಆದರೂ ಒಬ್ಬರೂ ಬಿಡದೆ ಲಸಿಕೆ ಬೇಡ ಅಂದಿದ್ದೀರಿ, ಸೂಜಿ ಕಂಡರೆ ಇಷ್ಟು ಭಯವೇ, ನಿಮ್ಮಂಥವರ ತಿಳಿಗೇಡಿತನದಿಂದಲೇ ರೋಗ ಊರೆಲ್ಲ ಹಬ್ಬುವುದು ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಹೆಂಗಸರು ಮುಖ ಮುಖ ನೋಡಿಕೊಂಡರು.

"ಬೇಡ ಅಂತ ಯಾರಂದ್ರು?" ಎಂದಳು ಸೋಡಕ್ಕ.

ಇವರ ಮಾತಿಗೆ ತಲೆಬುಡ ಇಲ್ಲ ಮೇಡಂ, ಹೋದ ವಾರ ಹೆಬ್ಬೆಟ್ಟು ಒತ್ತಿಕೊಟ್ಟು ಈಗ ಉಲ್ಟಾ ಹೊಡೀತಾರೆ ಎಂದು ಮೇಸ್ತ್ರಿ ನಡುವೆ ಬಾಯಿ ಹಾಕಿದ. ಮೇಡಂ ಸೋಡಕ್ಕನ ಹೆಸರಿನ ಸಮೀಕ್ಷೆಯ ಕಾಗದ ತೆಗೆದು ಓದಿದರು. ರೋಗದ ಬಗ್ಗೆ ಗೊತ್ತೇ? ಗೊತ್ತಿಲ್ಲ. ಲಸಿಕೆ ಹಾಕಿಸಿಕೊಳ್ಳುತ್ತೀರಾ? ಇಲ್ಲ. ಕಾಗದವನ್ನು ಅವಳತ್ತ ತಿರುಗಿಸಿ, ಇದು ನಿನ್ನ ಹೆಬ್ಬೆಟ್ಟೇ ತಾನೇ ಎಂದರು.

ಸೋಡಕ್ಕನಿಗೆ ಅಕ್ಷರ ಬಾರದು. ಹೆಬ್ಬೆಟ್ಟು ಮಾತ್ರ ಕಂಡಿತು. ದುಂಡಗಿನ ಸುಳಿ, ಬಾಚಣಿಗೆಯಲ್ಲಿ ಬಾಚಿದಂಥ ಗೆರೆಗಳು. ಮೊದಲು ನಗು ಬಂತು, ನಗುವಿನ ಬೆನ್ನಿಗೇ ಮೈ ಉರಿಯಿತು. ಎದ್ದು ಒಳಗೆ ಹೋದಳು. ಮೇಜಿನ ಮೇಲಿದ್ದ ಶಾಯಿ ಡಬ್ಬಿಗೆ ಬೆರಳೊತ್ತಿ ಅದೇ ಕಾಗದದ ಅಂಚಿಗೆ ಊರಿದಳು. ಬರೀ ನೀಲಿ ಮಚ್ಚೆ. ಗೆರೆಯೇ ಇಲ್ಲ.

"ಇಪ್ಪತ್ತು ವರ್ಷ ಸೋಡಾದಲ್ಲಿ ಬೆಂದ ಬೆರಳು ಮೇಡಂ ಇದು. ಹಾಜರಿ ಮಿಷಿನ್ನೂ ನನ್ನ ಒಪ್ಪಲ್ಲ. ಇಷ್ಟು ಚೆಂದದ ಗೆರೆ ಯಾವ ಬೇವರ್ಸಿದು ಅಂತ ಈ ಮೇಸ್ತ್ರೀನ ಕೇಳಿ."

ಒಬ್ಬೊಬ್ಬರಾಗಿ ಬಂದು ಒತ್ತಿದರು. ಸೋಡಕ್ಕನದೂ ಸೇರಿ ಹನ್ನೆರಡು ಮಚ್ಚೆ. ಮಗಳ ಬೆರಳಿನಲ್ಲಿ ಮಾತ್ರ ಗೆರೆ ಇನ್ನೂ ಅಲ್ಲಲ್ಲಿ ಉಳಿದಿತ್ತು. ಮೇಡಂ ಹದಿಮೂರು ಕಾಗದ ಮಗುಚಿ ನೋಡಿದರು. ಎಲ್ಲದರಲ್ಲೂ ಒಂದೇ ಸುಳಿ. ಮೇಸ್ತ್ರಿಯ ಕೈ ಜೇಬಿನೊಳಗಿಂದ ಹೊರಗೆ ಬರಲಿಲ್ಲ. ನಿಮ್ಮ ಪಾಲಿನ ಲಸಿಕೆ ಆಫೀಸಿನವರಿಗೂ ಮೇಸ್ತ್ರಿಗೂ ಹಾಕಿ ಆಯಿತು ಎಂದು ಮೇಡಂ ಮೆಲ್ಲಗೆ ಹೇಳಿದರು. ಮತ್ತೆ ಬೇಕೆಂದು ಬರೆಯುತ್ತೇನೆ ಎಂದರು. ಯಾವಾಗ ಬರುತ್ತದೆ ಎಂದು ಕೇಳಿದ್ದಕ್ಕೆ ಕಾಗದಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡರು. ಗುಮಾಸ್ತರು ಅಂಗಿಯ ತೋಳು ಕೆಳಗೆಳೆದುಕೊಂಡರು.

ಸೋಡಕ್ಕ ಶೆಡ್ಡಿಗೆ ಹೋದಳು. ಕೊನೆ ವಾರ್ಡಿನಿಂದ ಬಂದ ಇನ್ನೂ ಬಿಚ್ಚದ ಗಂಟನ್ನು ಕೋಲಿಗೆ ಸಿಕ್ಕಿಸಿ ಎಳೆದು ತಂದು ಆಫೀಸಿನ ಹೊಸ್ತಿಲ ಮೇಲೆ ಅಡ್ಡ ಹಾಕಿದಳು. ಗುಮಾಸ್ತರು ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎತ್ತಿಕೊಂಡರು.

"ತೆಗಿಯೇ ಲೌಡಿ ಅದನ್ನ. ಕೆಲಸದಿಂದ ಕಿತ್ತು ಬಿಸಾಕ್ತೀನಿ" ಎಂದು ಮೇಸ್ತ್ರಿ ಒಳಗಿನಿಂದಲೇ ಕೂಗಿದ.

"ಯಾಕೋ ಹೆದರ್ತೀಯಾ? ಲಸಿಕೆ ಆಗಿರೋ ಕೈ ನಿಂದು. ಬಾ, ನೀನೇ ಬಿಚ್ಚು. ನನ್ನ ಮಗಳು ಇನ್ನು ಮುಟ್ಟಲ್ಲ."

ಹದಿಮೂರು ಹೆಂಗಸರೂ ಎದುರಿನ ಗೋಡೆಗೆ ಒರಗಿ ಕೂತರು. ಮಧ್ಯಾಹ್ನದ ಊಟದ ಗಂಟೆ ಹೊಡೆಯಿತು. ಹಾಸಲು ಬಟ್ಟೆ ಇಲ್ಲವೆಂದು ವಾರ್ಡಿನ ಆಯಾ ಎರಡು ಸಲ ಬಂದು ಹೋದಳು. ಗಂಟು ಹೊಸ್ತಿಲ ಮೇಲೇ ಇತ್ತು. ಒಳಗಿದ್ದವರಲ್ಲಿ ಒಬ್ಬರೂ ಅದನ್ನು ದಾಟಿ ಹೊರಗೆ ಬರಲಿಲ್ಲ.