ಆರ್ಜಿಯಾ ನಿಲ್ಲಿಸಿದ ಹೆಂಗಸು

ಚಿತ್ರ ಮಾರುವ ಗ್ಯಾಲರಿಯ ಪಕ್ಕದ ಗೋಡೆಗೆ ಅಂಟಿಸಿದ್ದ, ಊರಿಗೆ ಸಾವಿನ ಸುದ್ದಿ ತಿಳಿಸುವ ಭಿತ್ತಿಪತ್ರದಲ್ಲಿ, ಅಮ್ಮ ಆರ್ಜಿಯಾಳ ಹೆಸರಿನ ಕೆಳಗೆ ‘ಕಲಾವಿದೆ’ ಎಂದು ಬರೆಯಲು ಫೋಸ್ಕಾ ಪೆನ್ಸಿಲ್ ಊರಿದ್ದಳಷ್ಟೆ, ಅಪ್ಪ ಗ್ವಾಲ್ಟಿಯೆರೊ ಹಿಂದಿನಿಂದ ಬಂದು ಅದನ್ನು ಕಿತ್ತುಕೊಂಡ.

“ತಲೆ ಕೆಟ್ಟಿದೆಯೇನೇ? ಇಡೀ ಲಿವೋರ್ನೊ ಊರೇ ಓದುತ್ತೆ!”

“ಓದ್ಲಿ ಅಂತಾನೇ ಅಪ್ಪಾ. ಒಂದು ದಿನವಾದ್ರೂ ಅವಳು ಯಾರು ಅಂತ ಗೊತ್ತಾಗ್ಲಿ.”

“ಗೊತ್ತಾದ್ರೆ ನಾಳೆಯಿಂದ ಅಂಗಡಿ ಬಾಗಿಲು ಹಾಕ್ಕೊಂಡು ಕೂತ್ಕೋಬೇಕು. ನಡಿ, ಪಾದ್ರಿ ಕಾಯ್ತಿದಾರೆ.”

ಭಿತ್ತಿಪತ್ರದಲ್ಲಿ ‘ಗ್ವಾಲ್ಟಿಯೆರೊನ ಪತ್ನಿ’ ಎಂದಷ್ಟೇ ಉಳಿಯಿತು. ಹೆಂಡತಿಯನ್ನು ಮಣ್ಣು ಮಾಡುವ ದಿನವೂ ಆ ಮನುಷ್ಯನಿಗೆ ವ್ಯಾಪಾರದ್ದೇ ಚಿಂತೆ.

*

ಗ್ವಾಲ್ಟಿಯೆರೊ ಮಾರುತ್ತಿದ್ದುದು ಹತ್ತೊಂಬತ್ತನೇ ಶತಮಾನದ, ಇಪ್ಪತ್ತನೇ ಶತಮಾನದ ಮೊದಮೊದಲ ವರ್ಷಗಳ ಚಿತ್ರಗಳನ್ನು. ಬರೀ ಹೊಲ, ಬರೀ ಕಡಲತೀರವಿದ್ದರೆ ಗಿರಾಕಿಗಳು ಮೂಸಿಯೂ ನೋಡುತ್ತಿರಲಿಲ್ಲ. ಅದೇ ಹೊಲದಲ್ಲಿ ಒಬ್ಬ ಹೆಂಗಸು ನಿಂತಿದ್ದರೆ ವಾರದೊಳಗೆ ಮಾರಾಟ. ಹೆಂಗಸನ್ನು ನಿಲ್ಲಿಸುವ ಕೆಲಸ ಆರ್ಜಿಯಾಳದು. ಅಡುಗೆಮನೆಯಲ್ಲಿ, ಒಲೆಯ ಮೇಲೆ ಮೀನಿನ ಸಾರು ಕುದಿಯುತ್ತಿರುವಾಗ, ಅವಳು ಕುಂಚ ಹಿಡಿದು ಸತ್ತ ಕಲಾವಿದರ ಚಿತ್ರಗಳೊಳಗೆ ಬದುಕಿರುವವರನ್ನು ಇಳಿಸುತ್ತಿದ್ದಳು.

“ಇವಳ್ಯಾರಮ್ಮ?” ಎಂದು ಚಿಕ್ಕವಳಿದ್ದಾಗ ಫೋಸ್ಕಾ ಕೇಳಿದ್ದಳು.

“ಯಾರಿಗ್ಗೊತ್ತು? ಹೊಲ ಖಾಲಿ ಇತ್ತು, ಬಂದು ನಿಂತಳು.”

“ನಿನ್ನ ಹೆಸರು ಹಾಕಲ್ವಾ?”

“ಮೂಲೇಲಿ ಆಗ್ಲೇ ಇನ್ಯಾರದೋ ಹೆಸರಿದೆಯಲ್ಲೇ, ಪೆದ್ದಿ,” ಎಂದು ಆರ್ಜಿಯಾ ನಕ್ಕು, ಸಾರಿಗೆ ಉಪ್ಪು ಹಾಕಲು ಎದ್ದಿದ್ದಳು.

*

ಸ್ಮಶಾನದಲ್ಲಿ ಹಳೆಯ ಗಿರಾಕಿ ಡಾಕ್ಟರ್ ಬೆನ್ವೆನೂತಿ ಟೋಪಿ ತೆಗೆದು ಫೋಸ್ಕಾಳ ಕೈ ಹಿಡಿದುಕೊಂಡರು.

“ನಿಮ್ಮಮ್ಮ ಎಂಥಾ ಕಾಫಿ ಮಾಡ್ತಿದ್ರಮ್ಮಾ!”

“ಹೌದು ಡಾಕ್ಟ್ರೇ.”

“ನಿಮ್ಮಲ್ಲಿ ತಗೊಂಡ ಚಿತ್ರ ಇದೆಯಲ್ಲ, ಕೆಂಪು ಶಾಲಿನ ಹೆಂಗಸು? ನನ್ನ ಹೆಂಡತಿ ಕೊನೇ ದಿನಗಳಲ್ಲಿ ಅವಳನ್ನೇ ನೋಡ್ತಾ ಮಲಗಿರ್ತಿದ್ಲು. ಅವಳು ಜೊತೇಲಿದ್ರೆ ಹೆದರಿಕೆ ಆಗಲ್ಲ ಅಂತಿದ್ಲು.”

ಫೋಸ್ಕಾಳಿಗೆ ತಡೆಯಲಾಗಲಿಲ್ಲ. “ಅವಳನ್ನ ಬರೆದಿದ್ದು ನಮ್ಮಮ್ಮ.”

ಗ್ವಾಲ್ಟಿಯೆರೊನ ಮುಖ ಬಿಳಿಚಿಕೊಂಡಿತು. ಡಾಕ್ಟರು ಅವಳ ಕೈ ಬಿಟ್ಟರು.

“ಮತ್ತೆ ಹೊಲ?”

“ಹೊಲ ಅಸಲಿ. ಹೆಂಗಸು ಮಾತ್ರ ಅಮ್ಮಂದು.”

“ಅಬ್ಬಾ, ಸದ್ಯ!” ಡಾಕ್ಟರು ನಿಟ್ಟುಸಿರು ಬಿಟ್ಟು ಗ್ವಾಲ್ಟಿಯೆರೊನ ಕಡೆ ತಿರುಗಿದರು. “ಒರೆಸಿದ್ರೆ ಹೋಗುತ್ತೆ ತಾನೆ?”

ಅವನು ಇನ್ನೂ ಮುಚ್ಚದ ಗುಂಡಿಯ ಕಡೆಗೊಮ್ಮೆ ನೋಡಿದ. “ಹೋಗುತ್ತೆ ಡಾಕ್ಟ್ರೇ. ನಾವೇ ಮಾಡಿಕೊಡ್ತೀವಿ. ಈ ಮಾತು ಮಾತ್ರ ನಮ್ಮಲ್ಲೇ ಇರ್ಲಿ.”

*

ಸಂಜೆಯೊಳಗೆ ಆ ಚಿತ್ರ ಅಡುಗೆಮನೆಯ ಮೇಜಿನ ಮೇಲಿತ್ತು. ಗ್ವಾಲ್ಟಿಯೆರೊ ಹತ್ತಿ, ಬಣ್ಣ ಕರಗಿಸುವ ಟರ್ಪೆಂಟೈನ್ ತಂದಿಟ್ಟ.

“ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಅವಳು ಅಲ್ಲೇ ಇರ್ತಿದ್ಲು ಕಣೇ,” ಎಂದ. ಬೈಗುಳವಲ್ಲ, ಅವನು ಅಳುತ್ತಿದ್ದ.

ಫೋಸ್ಕಾ, ಅಪ್ಪ ಎತ್ತಿಕೊಂಡ ಹತ್ತಿಯನ್ನು ಅವನ ಕೈಯಿಂದ ತೆಗೆದುಕೊಂಡಳು. ಬೇರೆ ಯಾರೂ ಆ ಕೆಂಪು ಶಾಲಿನ ಹೆಂಗಸನ್ನು ಮುಟ್ಟುವುದು ಬೇಡವಾಗಿತ್ತು. ಪಾದಗಳಿಂದ ಶುರು ಮಾಡಿದಳು. ಹೆಣಕ್ಕೆ ಸ್ನಾನ ಮಾಡಿಸುವವರ ಹಾಗೆ ಮೆಲ್ಲಗೆ ಒರೆಸುತ್ತಾ ಮೇಲೆ ಬಂದಳು. ಪಾದಗಳಿದ್ದಲ್ಲಿ ಹುಲ್ಲು ಕಂಡಿತು, ಶಾಲಿದ್ದಲ್ಲಿ ಗೋಧಿ. ಮುಖದ ಹತ್ತಿರ ಬಂದಾಗ ಫೋಸ್ಕಾಳ ಬೆರಳುಗಳೆಲ್ಲ ಕೆಂಪಾಗಿದ್ದವು.