ಅಪ್ಪಾಜಿಯ ಚೌಕಾಶಿ

ಬ್ಯಾಡಗಿಯಲ್ಲಿ ಪುಸ್ತಕದ ಅಂಗಡಿ ಇಡುತ್ತೇನೆ ಎಂದಾಗ ನಕ್ಕವರೇ ಹೆಚ್ಚು. ನಮ್ಮ ಅಪ್ಪಾಜಿ ಪ್ರಭುಲಿಂಗಪ್ಪನವರು ಮಾತ್ರ ನಗಲಿಲ್ಲ. ಮೆಣಸಿನಕಾಯಿ ಚೀಲ ಇಡುತ್ತಿದ್ದ ತಮ್ಮ ಮಳಿಗೆಯನ್ನೇ ಖಾಲಿ ಮಾಡಿಸಿ ಕೊಟ್ಟರು. ಷರತ್ತು ಒಂದೇ: ಹೊಸ ಕಾಯಿ ಬರುವ ಹೊತ್ತಿಗೆ ವ್ಯಾಪಾರ ಕುದುರದಿದ್ದರೆ ಮಳಿಗೆ ಮತ್ತೆ ಚೀಲಗಳ ಪಾಲು.

ನಾನೇನು ಕಡಿಮೆಯವಳಲ್ಲ. ಹಾವೇರಿಯಲ್ಲಿ ಬಿ.ಕಾಂ. ಓದುವಾಗಲೇ ವ್ಯಾಪಾರ ಕಲಿಸುವ ಪುಸ್ತಕಗಳನ್ನೆಲ್ಲ ಅರೆದು ಕುಡಿದಿದ್ದೆ. ನಮ್ಮ ಪೇಟೆಯ ಗಾಳಿಯಲ್ಲೇ ಮೆಣಸಿನಕಾಯಿಯ ಕೆಂಪು ಧೂಳು. ಪುಟಗಳು ಕೆಂಪಾದಾವು ಎಂದು ಒಂದೊಂದು ಪುಸ್ತಕಕ್ಕೂ ಪ್ಲಾಸ್ಟಿಕ್ ಹೊದಿಸಿ ಅಂಟಿಸಿದೆ. ಅಂಗಡಿ ಥಳಥಳ ಹೊಳೆಯುತ್ತಿತ್ತು, ಗಿರಾಕಿಗಳು ಮಾತ್ರ ಇಲ್ಲ. ಈ ಊರಿನವರಿಗೆ ಓದುವ ಚಟವೇ ಇಲ್ಲ ಎಂದು ಅವ್ವನ ಮುಂದೆ ದಿನಾ ಸಿಡುಕುತ್ತಿದ್ದೆ.

ಕಾಯಿ ಬರುವ ಕಾಲ ಹತ್ತಿರವಾಯಿತು. ಒಂದು ಮಧ್ಯಾಹ್ನ ಅಪ್ಪಾಜಿ ಬಂದು, ಎಷ್ಟು ಚೀಲ ಹಿಡಿದೀತು ಎಂದು ಗೋಡೆಗಳನ್ನು ಕಣ್ಣಲ್ಲೇ ಅಳೆಯುತ್ತ ಕುಳಿತರು. ಅದೇ ಹೊತ್ತಿಗೆ ಮೋಟೆಬೆನ್ನೂರಿನ ರೈತ ಮಾಲತೇಶಪ್ಪ ಬಂದ. ತಾಯಿಗೆ ಒಂದು ಕಥೆ ಪುಸ್ತಕ ಬೇಕು, ಆಕೆಗೆ ಕಣ್ಣು ಮಂದ, ಅಕ್ಷರ ದೊಡ್ಡವಿವೆಯೇ, ಬಿಚ್ಚಿ ನೋಡಲೇ ಎಂದು ಕೇಳಿದ. ಬಿಚ್ಚಿದರೆ ಕೊಳ್ಳಲೇಬೇಕು ಎಂದೆ. ರಾಣೆಬೆನ್ನೂರಿಗೆ ಹೋದಾಗ ನೋಡಿದರಾಯಿತು ಎಂದು ಹೊರಟೇಬಿಟ್ಟ.

ಅಪ್ಪಾಜಿ ನನ್ನತ್ತ ತಿರುಗಿದರು. “ಪುಷ್ಪಾ, ನಾ ಚೀಲದ ಬಾಯಿ ಹೊಲಿದಿಟ್ಟು, ಒಳಗ ಚೊಲೊ ಕಾಯಿ ಅದಾವ ತಗೋರಿ ಅಂದ್ರ ಯಾರರ ತಗೋತಾರೇನು? ಮುರದು, ಮೂಸಿ, ಬೀಜಾ ನೋಡಿ ಆಮ್ಯಾಲೆ ದರಾ ಹಚ್ತಾರ.”

“ಮುರದ ಕಾಯಿ ಹಾಳಾಗೂದಿಲ್ಲೇನ್ರಿ?”

“ಆಗ್ತಾವ. ಅವನ್ನ ಮನಿಗೆ ತಂದು ನಿಮ್ಮವ್ವನ ಕೈಯಾಗ ಕೊಡ್ತೀನಿ. ನೀ ಉಣ್ಣೂ ಖಾರ ಎಲ್ಲೀದು ಅಂತ ಮಾಡೀದಿ?”

ನಾಚಿಕೆಯೂ ಆಯಿತು, ಸಿಟ್ಟೂ ಬಂತು. ಹುಟ್ಟಿದಾಗಿನಿಂದ ನೋಡಿದ್ದನ್ನು ಮರೆತು ಪುಸ್ತಕದಲ್ಲಿ ಹುಡುಕುತ್ತಿದ್ದೆನಲ್ಲ! ಅಂದೇ ಕತ್ತರಿ ಹಿಡಿದು ಪ್ರತಿ ಪುಸ್ತಕದ ಒಂದೊಂದು ಪ್ರತಿ ಬಿಚ್ಚಿಟ್ಟು, ಬಾಗಿಲ ಬಳಿ ಬೆಂಚು ಹಾಕಿದೆ. ಪೇಟೆಯ ದಿನ ರೈತರು, ದಲಾಲರು, ಕಾಯಿಯ ತೊಟ್ಟು ಬಿಡಿಸುವ ಹೆಂಗಸರು ಕುಳಿತು ಪುಟ ತಿರುವತೊಡಗಿದರು. ಕೆಂಪು ಬೆರಳಿನ ಗುರುತು ಬಿದ್ದಾಗಲೆಲ್ಲ ಜೀವ ಚುರುಕ್ ಎನ್ನುತ್ತಿತ್ತು. ಆದರೆ ಅರ್ಧ ಕಥೆ ಓದಿದವರು ಹೊಸ ಪ್ರತಿ ಕೇಳಿ ಒಯ್ಯುತ್ತಿದ್ದರು. ಮಾಲತೇಶಪ್ಪ ಮಾತ್ರ ಮತ್ತೆ ಬರಲಿಲ್ಲ. ವ್ಯಾಪಾರ ಕುದುರಿತು ಎಂದು ಎದೆ ತಟ್ಟಿ ಹೇಳುವಷ್ಟೇನೂ ಆಗಿರಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಚೀಲ ತುಂಬಿದ ಲಾರಿ ಬಂದು ನಿಂತಿತು. ಹೊಸ ಕಾಯಿ ಬಂದೇಬಿಟ್ಟಿತ್ತು. ಅಪ್ಪಾಜಿ ಇಳಿದು ಒಳಗೆ ಬಂದು, ಬೆಂಚಿನ ಮೇಲೆ ಕುಳಿತು ಒಂದು ಪುಸ್ತಕದ ನಾಲ್ಕಾರು ಪುಟ ನಿಧಾನವಾಗಿ ಓದಿದರು. ಆಮೇಲೆ ಅದರ ದರ ಕೇಳಿದರು. ಹೇಳಿದೆ.

“ಏನರ ಕಡಿಮಿ ಮಾಡು. ನಿಮ್ಮಪ್ಪ ಅದೀನಿ.”

ಮಳಿಗೆ ಅವರದು, ಹೊರಗೆ ಲಾರಿ ಕಾಯುತ್ತಿದೆ. ಹಾಗೇ ಒಯ್ಯಿರಿ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

“ಆಗೂದಿಲ್ರಿ ಅಪ್ಪಾಜಿ. ಎಲ್ಲಾರಿಗೂ ಒಂದ ದರಾ.”

ಅವರು ಮೊಬೈಲು ತೆಗೆದು, ಸ್ಕ್ಯಾನ್ ಮಾಡಿ, ಪೂರ್ತಿ ದುಡ್ಡು ಹಾಕಿದರು. ಬಾಗಿಲಿಗೆ ಹೋಗಿ, ಲಾರಿಯ ಮೇಲಿದ್ದ ಹಮಾಲನಿಗೆ ಕೂಗಿ ಹೇಳಿದರು:

“ಹಗ್ಗಾ ಬಿಚ್ಚಬ್ಯಾಡೋ ಗುಡ್ಡಪ್ಪ. ಇಲ್ಲಿ ವ್ಯಾಪಾರಸ್ಥರು ಅದಾರ. ಚೀಲಕ್ಕ ಬ್ಯಾರೆ ಜಾಗಾ ನೋಡೂಣು.”