ಹೊಸ್ತಿಲ ಹಿಟ್ಟು

ಕೊಚ್ಚಿಯ ವೈಟ್ಟಿಲದ ಆ ಅಪಾರ್ಟ್‌ಮೆಂಟಿನ ಐದನೇ ಮಹಡಿಯಲ್ಲಿ ಬಾಗಿಲ ಮುಂದೆ ರಂಗೋಲಿ ಕಾಣುತ್ತಿದ್ದದ್ದು ಒಂದೇ ಮನೆಗೆ. ಅದು ವೇದವತಿಯವರ ಮನೆ. ಬೆಳಿಗ್ಗೆ ಆರು ಗಂಟೆಗೆ, ಕೆಳಗಿನ ಬಸ್ ನಿಲ್ದಾಣದ ಮೈಕು ತೃಶ್ಶೂರು, ಕೋಟ್ಟಯಂ ಎಂದು ಶುರುಮಾಡುವ ಹೊತ್ತಿಗೆ, ಅವರು ಬಾಗಿಲು ತೆರೆದು, ಟೈಲ್ಸನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಮಣೆ ಹಾಕಿಕೊಂಡು ಕೂತು, ಅಕ್ಕಿಹಿಟ್ಟಿನಲ್ಲಿ ಎರಡು ಗೇಣಗಲದ ರಂಗೋಲಿ ಬಿಡಿಸುತ್ತಿದ್ದರು. ಶುಕ್ರವಾರ ಕಮಲ, ಶನಿವಾರ ಶಂಖ. ಮಿಕ್ಕ ದಿನ ಚುಕ್ಕಿಗಳು ಎಲ್ಲಿಗೆ ಕರೆದುಕೊಂಡು ಹೋದರೆ ಅಲ್ಲಿಗೆ.

ಎಪ್ಪತ್ತೊಂದು ವರ್ಷದ ಅವರ ದಿನದಲ್ಲಿ ಹೊರಗಿನವರ ಕಣ್ಣಿಗೆ ಬೀಳಬಹುದಾದ ಕೆಲಸ ಅದೊಂದೇ. ಒಂದು ಲೋಟ ಅಕ್ಕಿಯ ಅನ್ನ, ಎರಡು ಹೊತ್ತಿಗಾಗುವ ಸಾರು, ಪೇಪರು, ಮಧ್ಯಾಹ್ನದ ನಿದ್ದೆ, ಎಲ್ಲವೂ ಮುಚ್ಚಿದ ಬಾಗಿಲ ಒಳಗೆ ನಡೆದುಹೋಗುತ್ತಿತ್ತು. ತಾನು ಎದ್ದಿದ್ದೇನೆ, ಇದ್ದೇನೆ ಎಂದು ಲೋಕಕ್ಕೆ ಹೇಳುವುದು ರಂಗೋಲಿಯೇ. ಲೋಕ ಎಂದರೆ ಆ ಉದ್ದದ ಕಾರಿಡಾರು ಮತ್ತು ಎದುರು ಮನೆಯ ಮುಚ್ಚಿದ ಬಾಗಿಲು.

ಅವರು ಬೇಕೆಂದು ಕೊಚ್ಚಿಗೆ ಬಂದವರಲ್ಲ. ಗಂಡ ಕೃಷ್ಣಮೂರ್ತಿ ತಿರುವನಂತಪುರದ ಹತ್ತಿರ ತುಂಬ ಎಂಬ ಊರಿನ ರಾಕೆಟ್ ಕೇಂದ್ರದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿದರು. ಅಲ್ಲಿ ಕ್ವಾರ್ಟರ್ಸಿನ ಅಂಗಳವೆಲ್ಲ ಸಮುದ್ರದ ಮರಳು. ಹಾಕಿದ ರಂಗೋಲಿ ಒಂಬತ್ತು ಗಂಟೆಗೆಲ್ಲ ಇರುವೆಗಳ ಪಾಲು. "ತಿನ್ನಲಿ ಬಿಡು, ಹಾಕೋದೇ ಅವಕ್ಕೆ" ಎನ್ನುತ್ತಿದ್ದರು ಅತ್ತೆ. "ಕಲ್ಲುಪುಡಿ ಹಾಕಿದರೆ ಯಾರ ಹೊಟ್ಟೆ ತುಂಬುತ್ತೆ? ಹೊಸ್ತಿಲಲ್ಲೇ ಉಣ್ಣಿಸಿದರೆ ಅವು ಒಳಗೆ ಬರಲ್ಲ." ಅತ್ತೆ ಹೋದರು, ನಿವೃತ್ತಿಯಾಗಿ ಕೆಲವು ವರ್ಷಕ್ಕೆ ಕೃಷ್ಣಮೂರ್ತಿಯೂ ಹೋದರು. ಕೊಚ್ಚಿಯ ಬ್ಯಾಂಕಿನಲ್ಲಿದ್ದ ಮಗಳು ಅಪರ್ಣಾ "ಅಮ್ಮ, ನನ್ನ ಜೊತೆ ಇರು" ಎಂದು ಕರೆತಂದಳು. ಹನ್ನೊಂದು ತಿಂಗಳಿಗೆ ಅವಳಿಗೆ ರಾಂಚಿಗೆ ವರ್ಗವಾಯಿತು. "ಮೂರೇ ವರ್ಷ ಕಣಮ್ಮ, ಕಣ್ಣು ಮುಚ್ಚಿ ತೆಗೆಯೋದ್ರಲ್ಲಿ ಬಂದುಬಿಡ್ತೀನಿ" ಎಂದಳು. ಈ ವಯಸ್ಸಿನವರ ಎದುರು ಕಣ್ಣು ಮುಚ್ಚುವ ಮಾತು ಆಡಬಾರದು ಎಂದುಕೊಂಡು ವೇದವತಿ ನಕ್ಕರು. ಅದಾಗಿ ಎರಡು ವರ್ಷ.

ಈ ಮಾರ್ಚಿನಲ್ಲಿ ಇರುವೆಗಳು ಒಳಗೂ ಬಂದವು. ಸಾಸಿವೆಕಾಳಿನ ಅರ್ಧದಷ್ಟಿಲ್ಲದ ಕೆಂಪಿರುವೆ. ಸಕ್ಕರೆ ಡಬ್ಬಿ ಸರಿ, ಮಿಕ್ಸಿಯ ಅಡಿಗೂ, ದೇವರ ದೀಪದ ಎಣ್ಣೆಗೂ ಮುತ್ತಿದವು. ವೇದವತಿ ಡಬ್ಬಿಗೆ ಲವಂಗ ಹಾಕಿದರು. ಕಿಟಕಿಗೆ ಅರಿಶಿನದ ಗೆರೆ ಎಳೆದರು. ಅರಿಶಿನವನ್ನು ಬಳಸಿಕೊಂಡು ಪಕ್ಕದಿಂದ ಬಂದವು. ಕೊನೆಗೆ ತುಂಬದ ಹಳೆಯ ನೆರೆಯವಳಾದ ಸರೋಜಳಿಗೆ ಫೋನ್ ಮಾಡಿದರು. ಸರೋಜ ಪುತ್ತೂರಿನ ಕಡೆಯವಳು, ಈಗಲೂ ತಿರುವನಂತಪುರದಲ್ಲೇ ಇದ್ದಾಳೆ.

"ಎಂತ ವೇದಕ್ಕ, ಇರುವೆಗೆ ಹೆದರುವುದಾ? ಇಲ್ಲಿ ನಿಮ್ಮ ಬಚ್ಚಲಿಗೆ ಹಾವು ಬಂದಾಗ, ಪಾಪ ಅದಕ್ಕೆ ದಾರಿ ಬಿಡಿ ಅಂತ ನಮಗೇ ಬೈದವರು ನೀವು!"

"ಹಾವು ಒಂದೇ ಇತ್ತು ಸರೋಜ."

"ಅದೂ ಹೌದು. ಕೇಳಿ, ಕೊಲ್ಲಲಿಕ್ಕೆ ಹೋಗ್ಬೇಡಿ, ಎಷ್ಟು ಅಂತ ಕೊಲ್ತೀರಿ? ಅವು ವಾಸನೆಯ ದಾರಿ ಹಿಡಿದು ಬರುವುದು. ಸೋಪಿನ ನೀರಿಗೆ ಸ್ವಲ್ಪ ವಿನೆಗರ್ ಹಾಕಿ ಆ ದಾರಿಯನ್ನೇ ಒರೆಸಿಬಿಡಿ. ಆದರೆ ಒರೆಸುವ ಮೊದಲು ಒಂದು ಸಲ ಕೂತು ನೋಡಿ. ಎಲ್ಲಿಂದ ಬರ್ತವೆ, ಎಲ್ಲಿಗೆ ಹೋಗ್ತವೆ ಅಂತ. ನಿಮಗೆ ಬೇರೆ ಎಂತ ಕೆಲಸ ಉಂಟು?"

ಮಾತು ಚುಚ್ಚಬೇಕೆಂದು ಸರೋಜ ಹೇಳಿದ್ದಲ್ಲ. ಅದಕ್ಕೇ ಸ್ವಲ್ಪ ಚುಚ್ಚಿತು.

ಆ ಸಂಜೆಯೇ ಲಿಫ್ಟಿನಲ್ಲಿ ಎದುರು ಮನೆಯ ಲಿಸ್ಸಿ ಸಿಕ್ಕಳು. ವಲ್ಲಾರ್ಪಾಡಂನ ಕಂಟೇನರ್ ಟರ್ಮಿನಲ್ಲಿನ ಆಫೀಸಿನಲ್ಲಿ ಕೆಲಸ, ನಲವತ್ತೈದರ ಹೆಂಗಸು. ಏಳಕ್ಕೆ ಹೊರಟರೆ ಕತ್ತಲಾಗುವ ಹೊತ್ತಿಗೆ ಬರುವವಳು. ಹಾಸಿಗೆ ಹಿಡಿದ ತಾಯಿ ಅಮ್ಮಚ್ಚಿ ಅವಳ ಜೊತೆ ಇದ್ದಾರೆಂದು, ಹಗಲು ನೋಡಿಕೊಳ್ಳಲು ಒಬ್ಬಳು ಬರುತ್ತಾಳೆಂದು ವೇದವತಿಗೆ ಗೊತ್ತಿತ್ತು. ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ. ಒಮ್ಮೆ ವೇದವತಿ ತರಕಾರಿ ಚೀಲ ಹಿಡಿದು ನಿಧಾನಕ್ಕೆ ಬರುತ್ತಿದ್ದಾಗ ಲಿಫ್ಟಿನ ಬಾಗಿಲನ್ನು ಕಾಲಿನಲ್ಲಿ ತಡೆದು ನಿಲ್ಲಿಸಿದ್ದಳು. ಅದನ್ನು ಅವರು ಮರೆತಿರಲಿಲ್ಲ.

"ಆಂಟೀ, ನಿಮ್ಮ ಮನೆಯಲ್ಲೂ ಇರುವೆ ಇದೆಯಾ?" ಎಂದು ಲಿಸ್ಸಿ ಮಲಯಾಳದಲ್ಲಿ ಕೇಳಿದಳು.

"ಇದೆ ಮೋಳೇ. ಯಾಕೆ?" ವೇದವತಿಯ ಮಲಯಾಳ ತುಂಬದ ಮೀನುಗಾರರ ಹೆಂಗಸರಿಂದ ಕಲಿತದ್ದು. ಮಗಳೇ ಎನ್ನುವುದನ್ನು ಹಾಗೇ ಅನ್ನುತ್ತಿದ್ದರು.

"ಸುಮ್ಮನೆ ಕೇಳಿದೆ. ಅಮ್ಮಚ್ಚಿಯ ತೋಳಿಗೆಲ್ಲ ಕಚ್ಚಿಬಿಟ್ಟಿವೆ. ಸರಿಯಾಗಿ ಕೊಡವಿಕೊಳ್ಳೋಕೂ ಆಗಲ್ಲವಲ್ಲ ಅವರಿಗೆ." ಇನ್ನೇನೋ ಹೇಳಲು ಬಾಯಿ ತೆರೆದಳು. ಐದನೇ ಮಹಡಿ ಬಂತು. ಏನೂ ಹೇಳದೆ ಇಳಿದಳು.

ಮರುದಿನ ರಂಗೋಲಿ ಹಾಕಿದ ಮೇಲೆ ವೇದವತಿ ಒಳಗೆ ಹೋಗಲಿಲ್ಲ. ಮಣೆಯ ಮೇಲೇ ಕೂತು ನೋಡಿದರು. ಸ್ವಲ್ಪ ಹೊತ್ತಿಗೆ ಒಂದು ಇರುವೆ ಬಂತು, ಆಮೇಲೆ ನಾಲ್ಕು, ಆಮೇಲೆ ಸಾಲು. ಚಿಕ್ಕಂದಿನಿಂದ ನೋಡಿದ್ದೇ. ಆದರೆ ಸಾಲು ತಿರುಗಿ ಹೋಗುವುದನ್ನು ಅವರು ಇಷ್ಟು ದಿನ ನೋಡಿರಲಿಲ್ಲ. ಅವುಗಳಲ್ಲಿ ಕೆಲವೇ ಕೆಲವು ಅವರ ಮನೆಯ ಕಡೆ ಬಂದವು. ಮಿಕ್ಕವೆಲ್ಲ ಗೋಡೆಯ ಅಂಚು ಹಿಡಿದು, ಕಾರಿಡಾರು ದಾಟಿ, ಒಂದೊಂದೂ ಬಾಯಲ್ಲಿ ಒಂದು ಬಿಳಿ ಕಣ ಹಿಡಿದು, ಸೀದಾ ಲಿಸ್ಸಿಯ ಬಾಗಿಲ ಅಡಿಗೆ ನುಗ್ಗುತ್ತಿದ್ದವು.

ಆ ಬಿಳಿ ಕಣ ತಮ್ಮ ಹಿಟ್ಟು.

ಅವರಿಗೆ ಇನ್ನೊಂದೂ ನೆನಪಾಯಿತು. ಸಂಜೆ ಹೊತ್ತು ಲಿಸ್ಸಿಯ ಹೊಸ್ತಿಲು ಯಾವಾಗಲೂ ಒದ್ದೆಯಾಗಿರುತ್ತಿತ್ತು. ಕೆಲಸದಿಂದ ಬಂದು ಹೊಸ್ತಿಲು ಒರೆಸುತ್ತಾಳೆ, ಎಂಥ ಶುಚಿ ಎಂದು ಮೆಚ್ಚಿಕೊಂಡಿದ್ದರು. ಅವಳು ಒರೆಸುತ್ತಿದ್ದದ್ದು ಈ ಸಾಲನ್ನು. ಎಷ್ಟು ದಿನದಿಂದಲೋ. ಲಿಫ್ಟಿನಲ್ಲಿ ನುಂಗಿಕೊಂಡ ಮಾತೂ ಇದೇ. ಮುದುಕಿಯ ಒಂದು ಸಂತೋಷವನ್ನು ಯಾಕೆ ಕೆಡಿಸಬೇಕೆಂದು ಸುಮ್ಮನಿದ್ದಳು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಅದೇ ಹೊತ್ತಿಗೆ ಅಸೋಸಿಯೇಷನ್ನಿನ ಕಾರ್ಯದರ್ಶಿ ರಾಮದಾಸ ಮನೆಮನೆಗೂ ಇರುವೆ ಚಾಕ್ ಹಂಚುತ್ತ ಬಂದರು. "ಮೇಡಂ, ಬಾಗಿಲಿಗೆ ಒಂದು ಗೆರೆ ಎಳೆಯಿರಿ, ದಾಟಿದ್ದು ಸಾಯುತ್ತೆ. ನೀವು ಕೈ ಕುದುರಿದವರು, ಬೇಕಾದರೆ ಇದರಲ್ಲೇ ನಿಮ್ಮ ಹೂವು ಬರೆದುಬಿಡಿ!" ಎಂದು ತಮ್ಮ ಮಾತಿಗೆ ತಾವೇ ನಕ್ಕರು.

ಅವರು ಹೋದ ಮೇಲೆ ವೇದವತಿ ಚಾಕ್ ಹಿಡಿದು ಬಗ್ಗಿದರು. ನೋಡಲು ರಂಗೋಲಿಯ ಗೆರೆಯ ಹಾಗೇ ಬಿಳಿ. ಗೇಣುದ್ದ ಎಳೆದರು. ಐವತ್ತು ವರ್ಷ ಊಟಕ್ಕೆ ಕರೆದ ಜಾಗದಲ್ಲಿ ವಿಷ ಬಡಿಸಿದ ಹಾಗಾಯಿತು. ಸೋಪಿನ ನೀರು ತಂದು ಗೆರೆಯನ್ನೂ, ರಂಗೋಲಿಯನ್ನೂ, ಗೋಡೆಯಂಚಿನ ಸಾಲಿನ ದಾರಿಯನ್ನೂ ಒರೆಸಿ ಹಾಕಿದರು. ಹಿಟ್ಟಿನ ಡಬ್ಬಿಯನ್ನು ಮೇಲಿನ ಶೆಲ್ಫಿಗೆ ಏರಿಸಿದರು.

ಗುರುವಾರ ಬೆಳಿಗ್ಗೆ ಆರಕ್ಕೆ ಅಭ್ಯಾಸದ ಹಾಗೆ ಎದ್ದು ನೆಲ ಒರೆಸಿದರು. ಒರೆಸಿ, ಬರಿಗೈಯಲ್ಲಿ ಸ್ವಲ್ಪ ಹೊತ್ತು ನಿಂತು, ಬಾಗಿಲು ಹಾಕಿಕೊಂಡರು. ಏಳಕ್ಕೆ ಒಳಗೇ ನಿಂತು ಕಿವಿಗೊಟ್ಟರು. ಲಿಸ್ಸಿಯ ಬಾಗಿಲು ತೆರೆಯಿತು. ಚಪ್ಪಲಿ ಒಂದು ಕ್ಷಣ ನಿಂತಿತು. ಆಮೇಲೆ ಲಿಫ್ಟು ಇಳಿಯಿತು, ಅಷ್ಟೇ. ಶುಕ್ರವಾರ ಕಮಲವಿಲ್ಲ, ಶನಿವಾರ ಶಂಖವಿಲ್ಲ. ಮೂರು ವರ್ಷದ ಹತ್ತಿರ ಒಂದು ದಿನವೂ ತಪ್ಪದೆ ಹಾಕಿದ್ದು ನಿಂತುಹೋಯಿತು ಎಂದು ಯಾರೂ ಕೇಳಲಿಲ್ಲ. ಇರುವೆಗಳಿಗೆ ಮಾತ್ರ ಗೊತ್ತಾಯಿತು. ಅವು ಬರಿಯ ಟೈಲ್ಸಿನ ಮೇಲೆ ಬಂದು, ದಾರಿ ಕಾಣದೆ ಸುತ್ತಿ ಸುತ್ತಿ, ತಿರುಗಿ ಹೋದವು.

ಶನಿವಾರ ಅಪರ್ಣಾ ಫೋನ್ ಮಾಡಿ "ಏನಮ್ಮ ಹೊಸ ಸಮಾಚಾರ?" ಎಂದಳು. "ಇರುವೆ ಕಡಿಮೆಯಾಗಿದೆ" ಎಂದರು ವೇದವತಿ. "ಸದ್ಯ!" ಎಂದಳು ಮಗಳು.

ಭಾನುವಾರ ಏಳೂವರೆಗೆ ಯಾರೋ ಬಾಗಿಲು ಬಡಿದರು. ಬೆಲ್ಲು ಇದ್ದರೂ ಅಂಗೈಯಲ್ಲೇ ಬಡಿಯುತ್ತಿದ್ದರು. ತೆರೆದರೆ ಲಿಸ್ಸಿ, ಕೂದಲು ಬಾಚಿರಲಿಲ್ಲ.

"ಆಂಟೀ, ನಮ್ಮ ಮೇಲೆ ಕೋಪಾನಾ?"

"ಕೋಪವಾ? ಯಾಕೆ ಮೋಳೇ?"

"ಅಮ್ಮಚ್ಚಿ ನನ್ನನ್ನು ಮೂರು ದಿನದಿಂದ ತಿಂದುಹಾಕ್ತಿದ್ದಾರೆ. ಮೊದಲ ದಿನ, ಹುಷಾರಿಲ್ಲವೇನೋ ಹೋಗಿ ನೋಡು ಅಂದರು. ನೆಲ ಒರೆಸಿದೆ, ಎದ್ದಿದ್ದಾರೆ ಅಂದೆ. ಒರೆಸಿ ಬರೆದಿಲ್ಲ ಅಂದರೆ ಕೋಪ ಬಂದಿದೆ, ನೀನೇ ಏನೋ ಅಂದಿದ್ದೀಯ ಅಂತ ಶುರು. ಇರುವೆ ಮಾತು ಎತ್ತಿದ್ದು ತಪ್ಪಾಯಿತು. ಒಂದು ಸಲ ಬಂದು ಅವರಿಗೆ ಮುಖ ತೋರಿಸಿಬಿಡಿ."

"ಅವರಿಗೆ ಹೇಗೆ ಗೊತ್ತು, ನನ್ನ ರಂಗೋಲಿ? ಹಾಸಿಗೆಯಿಂದ ಏಳೋದೇ ಇಲ್ಲವಲ್ಲ?"

ಲಿಸ್ಸಿ ಫೋನು ತೆಗೆದು ಚಾಚಿದಳು. ಒಂದರ ಕೆಳಗೆ ಒಂದು ರಂಗೋಲಿಗಳು. ಕಮಲ, ಶಂಖ, ಒಂದು ಕಡೆ ಎಳೆ ತಪ್ಪಿದ ಹದಿನೈದು ಚುಕ್ಕಿಯದು, ಅಪರ್ಣಾ ಹೊರಟ ದಿನ ಅರ್ಧಕ್ಕೇ ಬಿಟ್ಟದ್ದು. "ಮೊದಮೊದಲು ಬಾಯಲ್ಲಿ ಹೇಳ್ತಿದ್ದೆ. ನಿನಗೆ ಹೇಳೋಕೇ ಬರಲ್ಲ, ಎಲ್ಲಾನೂ ಹೂವು ಅಂತೀಯ ಅಂತ ಬೈದರು. ಆಮೇಲೆ ಫೋಟೋ. ಅದನ್ನು ನೋಡಿದ ಮೇಲೇ ಚಹಾ ಕುಡಿಯೋದು."

ಗುರುವಾರ ಏಳು ಗಂಟೆಗೆ ಆ ಚಪ್ಪಲಿ ನಿಂತದ್ದು ಯಾಕೆಂದು ವೇದವತಿಗೆ ಈಗ ತಿಳಿಯಿತು. ಅವರು ಫೋನನ್ನು ಹಿಂದೆ ಕೊಟ್ಟು, "ಇರು" ಎಂದು ಅಡುಗೆಮನೆಗೆ ಹೋದರು. ಸ್ಟ್ಯಾಂಡಿನಲ್ಲಿ ನಾಲ್ಕು ಅಗಲದ ಸ್ಟೀಲ್ ಬಟ್ಟಲುಗಳಿದ್ದವು. ತುಂಬದಲ್ಲಿ ನಾಲ್ಕು ಜನ ಕೂತು ಪಾಯಸ ಉಣ್ಣುತ್ತಿದ್ದ ಬಟ್ಟಲು. ಇಲ್ಲಿಗೆ ಬಂದ ಮೇಲೆ ಕೆಳಗಿಳಿಸಿರಲಿಲ್ಲ. ಅವನ್ನು ಸೆರಗಿನಲ್ಲಿ ಒರೆಸಿಕೊಂಡು ಹೊರಟರು.

ಅಮ್ಮಚ್ಚಿ ಹಳೆಯ ಮರದ ಮಂಚದ ಮೇಲೆ ಒಣಗಿದ ಪುಟ್ಟ ಹಕ್ಕಿಯ ಹಾಗೆ ಮಲಗಿದ್ದರು. ಕಣ್ಣು ಮಾತ್ರ ಚುರುಕು.

"ಸತ್ತಿಲ್ಲ ಹಾಗಾದರೆ" ಎಂದರು.

"ಇಲ್ಲ" ಎಂದರು ವೇದವತಿ. "ನನ್ನ ಹಿಟ್ಟಿನಿಂದಲೇ ನಿಮಗೆ ಇರುವೆ ಬಂದದ್ದು. ಅದಕ್ಕೇ ನಿಲ್ಲಿಸಿದೆ."

"ಬಂದರೆ ಬಂತು. ಕಚ್ಚಿದರೆ ತೋಳಿದೆ ಅಂತಾದರೂ ಗೊತ್ತಾಗುತ್ತೆ."

"ಅಮ್ಮಚ್ಚಿ, ಸುಮ್ಮನಿರಿ" ಎಂದಳು ಲಿಸ್ಸಿ.

ಮಂಚವನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದರು. ಲಿಸ್ಸಿ ಒಂದೊಂದೇ ಮೂಲೆ ಎತ್ತಿ ಹಿಡಿದಳು, ವೇದವತಿ ಮೊಣಕಾಲೂರಿ ಕಾಲಿನಡಿಗೆ ಒಂದೊಂದು ಬಟ್ಟಲು ಸರಿಸಿದರು. ಮೇಲಿನಿಂದ ಅಮ್ಮಚ್ಚಿ, "ಕರ್ತನೇ, ಬದುಕಿದ್ದಾಗಲೇ ಹೊರುತ್ತಿದ್ದಾರೆ ನನ್ನನ್ನು!" ಎಂದು ಕೂಗಿಕೊಂಡರು. ಬಟ್ಟಲಿಗೆ ನೀರು ಹುಯ್ದು, ಇರುವೆ ತೇಲಿ ದಾಟದ ಹಾಗೆ ಒಂದೊಂದು ತೊಟ್ಟು ಸೋಪು ಬಿಟ್ಟರು. ನೆಲಕ್ಕೆ ಇಳಿಬಿದ್ದಿದ್ದ ಹೊದಿಕೆಯನ್ನು ಮೇಲಕ್ಕೆ ಸಿಕ್ಕಿಸಿದರು. ದಿಂಬು ಸರಿಮಾಡಲು ಎತ್ತಿದರೆ ಅಡಿಯಲ್ಲಿ ಎರಡು ರಸ್ಕು, ಕೆಂಪಗೆ ಮುತ್ತಿಕೊಂಡು.

ಲಿಸ್ಸಿ ತಾಯಿಯ ಮುಖ ನೋಡಿದಳು.

"ಹಸಿವಾದರೆ ಬೇಕಲ್ಲ" ಎಂದರು ಅಮ್ಮಚ್ಚಿ, ಕಣ್ಣು ಬೇರೆ ಕಡೆ ತಿರುಗಿಸಿ.

ದಾರಿ ತೋರಿಸಿದ್ದು ಹಿಟ್ಟು, ಉಳಿಸಿಕೊಂಡದ್ದು ರಸ್ಕು. ಲಿಸ್ಸಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ವೇದವತಿಯೂ ನಕ್ಕರು. ಮನೆಯೊಳಗೆ ಇನ್ನೊಬ್ಬರ ಜೊತೆ ನಕ್ಕು ಎಷ್ಟು ದಿನವಾಗಿತ್ತೋ, ತಮ್ಮ ದನಿ ತಮಗೇ ದೊಡ್ಡದಾಗಿ ಕೇಳಿಸಿತು.

ಸೋಮವಾರ ಅವರು ಅಪರ್ಣಾ ಯಾವುದೋ ದೀಪಾವಳಿಗೆ ತಂದು ಮರೆತ ರಂಗೋಲಿ ಪುಡಿಯ ಪೊಟ್ಟಣ ಒಡೆದರು. ಬರಿಯ ಕಲ್ಲುಪುಡಿ. ಅತ್ತೆಯ ಮುಖ ನೆನಪಾಯಿತು. ಮೊದಲು ಒಂದು ಹಿಡಿ ಅಕ್ಕಿಹಿಟ್ಟು ತೆಗೆದುಕೊಂಡು ಲಿಫ್ಟಿನಲ್ಲಿ ಕೆಳಗಿಳಿದು, ಕಾಂಪೌಂಡಿನ ಮಾವಿನ ಮರದ ಬುಡಕ್ಕೆ ಹಾಕಿ ಬಂದರು. ನಲ್ಲಿಯ ಹತ್ತಿರ ನಿಂತಿದ್ದ ರಾಮದಾಸ "ವಾಕಿಂಗಾ ಮೇಡಂ? ಒಳ್ಳೆಯದು" ಎಂದರು. ಹೌದೆಂದರು. ಆಮೇಲೆ ಮೇಲೆ ಬಂದು ಕಲ್ಲುಪುಡಿಯಲ್ಲಿ ಬಿಲ್ವಪತ್ರೆ ಬಿಡಿಸಿದರು. ಬೆರಳ ಸಂದಿಯಿಂದ ಅದು ಹಿಟ್ಟಿನ ಹಾಗೆ ಇಳಿಯಲಿಲ್ಲ, ಸುರಿಯಿತು. ಗೆರೆ ದಪ್ಪವಾಯಿತು.

ಏಳಕ್ಕೆ ಚಪ್ಪಲಿ ನಿಂತಿತು. ಈ ಸಲ ಬಾಗಿಲು ಹಾಕಿರಲಿಲ್ಲ. ಲಿಸ್ಸಿ ಬಗ್ಗಿ ಫೋಟೋ ತೆಗೆದು ಒಳಗೆ ಹೋದಳು. ಒಳಗಿನಿಂದ ಅಮ್ಮಚ್ಚಿಯ ದನಿ ಕೇಳಿಸಿತು. "ಇವತ್ತು ಕೈ ನಡುಗಿದೆ ಅವಳಿಗೆ. ಎಲೆಯಂತೆ! ಎಲೆಯನ್ನು ಆಡು ತಿನ್ನಲಿ. ನಾಳೆ ಒಂದು ಮೀನು ಬರೆಯಲಿಕ್ಕೆ ಹೇಳು."

ಲಿಸ್ಸಿ ಹೊರಗೆ ಬಂದು ಸಂಕೋಚದಿಂದ ನಿಂತಳು. "ಆಂಟೀ, ನೀವು ಸಸ್ಯಾಹಾರಿಗಳು. ಅವರು ಹೇಳೋದನ್ನು ಮನಸ್ಸಿಗೆ ಹಾಕ್ಕೋಬೇಡಿ."

"ಬರೆದರೆ ತಿಂದ ಹಾಗೇನು? ನಿನಗೆ ಹೊತ್ತಾಯಿತು, ಹೊರಡು" ಎಂದರು ವೇದವತಿ.

ಆಮೇಲೆ ಎಂದಿನ ದಿನವೇ. ಒಂದು ಲೋಟ ಅಕ್ಕಿ, ಸಾರು, ಪೇಪರು. ಇರುವೆಯಿಲ್ಲದ ಅಡುಗೆಮನೆ ಅಷ್ಟು ಚೊಕ್ಕಟವಾಗಿ ಸುಮ್ಮನಿತ್ತು. ಸ್ಟ್ಯಾಂಡಿನಲ್ಲಿ ನಾಲ್ಕು ಬಟ್ಟಲ ಜಾಗ ಖಾಲಿ ಇತ್ತು. ಆ ಮಧ್ಯಾಹ್ನ ಅವರು ಮಲಗಲಿಲ್ಲ. ಕಳೆದ ವರ್ಷದ ಬ್ಯಾಂಕ್ ಕ್ಯಾಲೆಂಡರಿನ ಹಾಳೆ ಹರಿದು, ಹಿಂಬದಿಗೆ ಚುಕ್ಕಿ ಇಟ್ಟು, ಪೆನ್ಸಿಲಿನಲ್ಲಿ ಎಳೆ ಎಳೆದರು. ತುಂಬದ ಕಡಲಂಚಿನಲ್ಲಿ ಬುಟ್ಟಿ ಇಳಿಸಿ ಕೂತಿರುತ್ತಿದ್ದ ಹೆಂಗಸರನ್ನೂ, ಬುಟ್ಟಿಯಲ್ಲಿ ಬೆಳ್ಳಗೆ ಹೊಳೆಯುತ್ತಿದ್ದದ್ದನ್ನೂ ನೆನಪು ಮಾಡಿಕೊಂಡರು. ಮೊದಲನೆಯದು ಮಾವಿನೆಲೆಯ ಹಾಗೆ ಬಂತು, ಎರಡನೆಯದು ಶಂಖದ ಹಾಗೆ. ಮೂರನೆಯದಕ್ಕೆ ಬಾಲ ಸಾಲದು. ಕೆಳಗೆ ಮೈಕಿನಲ್ಲಿ ತಿರುವನಂತಪುರದ ಬಸ್ಸು ಹೊರಡುತ್ತದೆ ಎಂದು ಕೂಗಿದರು. ಅವರು ತಲೆ ಎತ್ತಲಿಲ್ಲ. ನಾಲ್ಕನೆಯ ಮೀನಿಗೆ ಕಣ್ಣು ಸರಿಯಾಗಿ ಕೂತಿತು.